ಹಿತ್ತಿಲ ಕೊಳಕ್ಕೆ ತೊರೆ, ಜಲಪಾತದ ಫಿಲ್ಟರ್: ನಾಲ್ಕು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ತೊರೆಯ ಕಲ್ಲುಗಳ ಮೇಲಿನ ಲೋಳೆಯನ್ನು ಉಜ್ಜಬೇಡಿ. ಇಷ್ಟು ತಿಳಿಯೋಕೆ ನನಗೆ ಪೂರ್ತಿ ಒಂದು ವರ್ಷ ಬೇಕಾಯಿತು.

ನನ್ನ ಕೊಳ ಸುಮಾರು 4000 ಲೀಟರಿನದು, ಅದರಲ್ಲಿ ಎಂಟು ಗೋಲ್ಡ್‌ಫಿಶ್. ಪಂಪು ನೀರನ್ನು ಮೇಲಿನ ಫಿಲ್ಟರ್ ಡಬ್ಬಕ್ಕೆ ಎತ್ತುತ್ತದೆ. ಡಬ್ಬದಲ್ಲಿ ಎರಡು ಸ್ಪಂಜು, ಅವುಗಳ ಮೇಲೆ ಲಾವಾ ಕಲ್ಲು. ಅಲ್ಲಿಂದ ನೀರು ಧುಮುಕಿ, ಜಲ್ಲಿ ಹಾಸಿದ 3 ಮೀಟರ್ ತೊರೆಯಲ್ಲಿ ಹರಿದು ಕೊಳಕ್ಕೆ ವಾಪಸ್ಸು. ಎಲ್ಲಾ ಒಂದೇ ಕಿಟ್ಟಿನಲ್ಲಿ ಬಂದದ್ದು.

ಮೊದಲ ವರ್ಷ ನಾನು ಚೊಕ್ಕಟದ ಹುಚ್ಚಿನಲ್ಲಿದ್ದೆ. ಹದಿನೈದು ದಿನಕ್ಕೊಮ್ಮೆ ಸ್ಪಂಜು, ಕಲ್ಲು ಎಲ್ಲವನ್ನೂ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುತ್ತಿದ್ದೆ. ನೀರು ನೋಡೋಕೆ ತಿಳಿಯಾಗೇ ಇತ್ತು. ಆದರೆ ಮೀನುಗಳು ರೆಕ್ಕೆ ಮುದುರಿಕೊಂಡು ಮೂಲೆ ಸೇರುತ್ತಿದ್ದವು. ಟೆಸ್ಟ್ ಕಿಟ್ ತಂದು ನೋಡಿದರೆ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ. ಅದು ಸೊನ್ನೆ ಇರಬೇಕು. ಮೀನು ಹೊರಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಬ್ಯಾಕ್ಟೀರಿಯಾ ಇರುವುದೇ ಆ ಲೋಳೆಯಲ್ಲಿ. ನಾನು ಫಿಲ್ಟರನ್ನೇ ತೊಳೆದು ಚರಂಡಿಗೆ ಬಿಡುತ್ತಿದ್ದೆ! ನಲ್ಲಿ ನೀರಿನ ಕ್ಲೋರಿನ್ ಉಳಿದದ್ದನ್ನೂ ಕೊಲ್ಲುತ್ತಿತ್ತು. ತೊಳೆಯದೆ ಕೈ ಕಟ್ಟಿ ಕುಳಿತ ಮೇಲೆ, ಆರು ವಾರಕ್ಕೆ ಎಲ್ಲಾ ಸರಿಹೋಯಿತು. ಅಲ್ಲಿಯವರೆಗೆ ಮೀನಿಗೆ ಆಹಾರ ಕಡಿಮೆ ಮಾಡಿ, ಕೊಳದ ನೀರನ್ನು ಸ್ವಲ್ಪ ಸ್ವಲ್ಪ ಹೊರಹಾಕಿ ಕ್ಲೋರಿನ್ ತೆಗೆದ ನೀರು ತುಂಬುತ್ತಿದ್ದೆ. ಈಗ ಸ್ಪಂಜು ಕಟ್ಟಿಕೊಂಡಾಗ ಮಾತ್ರ, ಕೊಳದ ನೀರೇ ತುಂಬಿದ ಬಕೆಟ್ಟಿನಲ್ಲಿ ಹಿಂಡುತ್ತೇನೆ. ಕಲ್ಲನ್ನು ಮುಟ್ಟುವುದೇ ಇಲ್ಲ.

ಪಂಪಿನ ಬಗ್ಗೆ ಒಂದು ಮಾತು. ಅದು ಬಂದ ಡಬ್ಬದ ಮೇಲೆ ಗಂಟೆಗೆ 6000 ಲೀಟರ್ ಅಂತ ಬರೆದಿತ್ತು. ಅದು ನೀರನ್ನು ಎತ್ತದೆ ಇದ್ದಾಗಿನ ಲೆಕ್ಕ. 10 ಲೀಟರಿನ ಬಕೆಟ್ಟನ್ನು ಜಲಪಾತದ ಕೆಳಗೆ ಹಿಡಿದೆ, ತುಂಬೋಕೆ 10 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 3600 ಲೀಟರ್. ಎತ್ತರ, ಪೈಪಿನ ತಿರುವು ಎರಡೂ ಸೇರಿ ಇಷ್ಟು ತಿಂದಿವೆ. ಒಂದೆರಡು ಗಂಟೆಗೊಮ್ಮೆ ಕೊಳದ ನೀರೆಲ್ಲ ಸುತ್ತಿ ಬಂದರೆ ಸಾಕು, ಹಾಗಾಗಿ ನನಗೇನೂ ತೊಂದರೆ ಆಗಿಲ್ಲ. ದೊಡ್ಡ ಕೊಳದವರು ಈ ಲೆಕ್ಕ ಮಾಡಿಯೇ ಕೊಳ್ಳಿ.

ಎರಡನೇ ಬೇಸಿಗೆಯಲ್ಲಿ ನೀರು ಹಸಿರು ಬಣ್ಣದ ಗಂಜಿಯಂತಾಯಿತು. ಕಿಟ್ಟಿನ ಡಬ್ಬದ ಮೇಲಿನ ಚಿತ್ರದಲ್ಲಿ ತಳದ ಕಲ್ಲು ಎಣಿಸಬಹುದು, ನನ್ನದರಲ್ಲಿ ಮೀನೇ ಕಾಣುತ್ತಿರಲಿಲ್ಲ. ನೀರಿನಲ್ಲಿ ತೇಲುವ ಸಣ್ಣ ಪಾಚಿ ಸ್ಪಂಜಿನಲ್ಲೂ ನಿಲ್ಲುವುದಿಲ್ಲ, ಜಲ್ಲಿಯಲ್ಲೂ ನಿಲ್ಲುವುದಿಲ್ಲ. ಕೊನೆಗೆ ಆ ಪಾಚಿಯನ್ನು ಕೊಲ್ಲುವ ಯುವಿ (ನೇರಳಾತೀತ) ದೀಪವನ್ನು ಬೇರೆಯಾಗಿ ಕೊಂಡು ಹಾಕಿದೆ, ಎರಡು ವಾರದಲ್ಲಿ ತಿಳಿಯಾಯಿತು. ನೈಟ್ರೇಟ್ ಕೂಡ ಹಾಗೇ, ಫಿಲ್ಟರ್ ಅದನ್ನು ತೆಗೆಯುವುದಿಲ್ಲ. ತೊರೆಯ ಅಂಚಿನಲ್ಲಿ ಕೆಸುವಿನ ಗಿಡ ನೆಟ್ಟಿದ್ದೇನೆ, ಒಂದಷ್ಟನ್ನು ಅದು ಹೀರಿಕೊಳ್ಳುತ್ತದೆ. ಉಳಿದದ್ದಕ್ಕೆ ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಾಯಿಸಲೇಬೇಕು.

ಮೂರನೇ ವರ್ಷ ದಿನಕ್ಕೆ 5 ಸೆಂ.ಮೀ. ನೀರು ಇಳಿಯತೊಡಗಿತು. ಬಿಸಿಲಿಗೆ ಅಷ್ಟು ಹೋಗೋದಿಲ್ಲ ಅಲ್ವಾ? ಪಂಪು ನಿಲ್ಲಿಸಿ ಕೆಲವು ಗಂಟೆ ಬಿಟ್ಟೆ. ನೀರಿನ ಮಟ್ಟ ಹಾಗೇ ನಿಂತಿತು. ಹಾಗಾದರೆ ಸೋರಿಕೆ ಇರುವುದು ತೊರೆಯಲ್ಲಿ. ನೋಡಿದರೆ ಒಂದು ಕಡೆ ಮಣ್ಣು ಕುಸಿದು, ನೀರು ಇಂಗದಂತೆ ತೊರೆಯ ಅಡಿಗೆ ಹಾಸಿದ ಹಾಳೆಯ ಅಂಚು ತಗ್ಗಾಗಿತ್ತು. ಅದನ್ನು ಎತ್ತಿ ಕಟ್ಟೋಕೆ ಹತ್ತು ನಿಮಿಷ, ಹುಡುಕೋಕೆ ಮೂರು ದಿನ. ಅಂದಿನಿಂದ ಪಂಪನ್ನು ತಳದಲ್ಲಿಡದೆ ಇಟ್ಟಿಗೆಯ ಮೇಲೆ ಇಟ್ಟಿದ್ದೇನೆ. ತೊರೆ ಪೂರ್ತಿ ಒಡೆದರೂ ಮೀನಿಗೆ ಒಂದಿಷ್ಟು ನೀರು ಉಳಿಯುತ್ತದೆ.

ಕರೆಂಟು ಹೋದರೆ? ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ. ಇಡೀ ದಿನ ಹೋದರೆ ಡಬ್ಬದೊಳಗೆ ಆಕ್ಸಿಜನ್ ಇಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ, ನೀರು ಕೊಳೆಯುತ್ತದೆ. ಡಬ್ಬದ ನೀರು ಹೊರಗೆ ಚೆಲ್ಲಿ ಆಮೇಲೆ ಪಂಪು ಹಾಕಿ.

ಇಷ್ಟೆಲ್ಲ ಆದರೂ ಇದನ್ನು ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಬಿಸಿ ನೀರಿನಲ್ಲಿ ಆಕ್ಸಿಜನ್ ಕಡಿಮೆ, ಆಗ ಈ ಧುಮುಕುವ ನೀರೇ ಮೀನಿಗೆ ಉಸಿರು. ಅಮೋನಿಯಾ ಮೂರು ವರ್ಷದಿಂದ ಸೊನ್ನೆ. ಐದರಲ್ಲಿ ನಾಲ್ಕು ಸ್ಟಾರ್. ಯುವಿ ದೀಪವನ್ನು ಬೇರೆ ಕೊಳ್ಳಬೇಕಾಯಿತಲ್ಲ, ಅದಕ್ಕೆ ಒಂದು ಕಳೆದಿದ್ದೇನೆ. ರಾತ್ರಿ ಸದ್ದು ಜಾಸ್ತಿ ಅನ್ನುವವರು ನೀರು ಬೀಳುವ ಜಾಗದಲ್ಲಿ ಒಂದು ಚಪ್ಪಟೆ ಕಲ್ಲನ್ನು ಓರೆಯಾಗಿ ಇಟ್ಟು ನೋಡಿ, ಅರ್ಧಕ್ಕರ್ಧ ಇಳಿಯುತ್ತದೆ.