ಹಳೇ ವಿಎಚ್‌ಎಸ್ ಕ್ಯಾಸೆಟ್ ಡಿಜಿಟಲ್ ಮಾಡಿಸಿದ್ವಿ, ರೀಮಾ ಲಾಗೂ ಮತ್ತೆ ನಮ್ಮನೆ ಟೀವಿಗೆ ಬಂದ್ರು

ಮುಂಬೈ ಕಡೆ ಇರೋ ನಮ್ಮವ್ರ ಮನೆಗಳಲ್ಲಿ ಅಟ್ಟದ ಮೇಲೆ ಇನ್ನೂ ವಿಎಚ್‌ಎಸ್ ಕ್ಯಾಸೆಟ್ ಬಿದ್ದಿರುತ್ತೆ, ಅದನ್ನ ಎಸೆಯೋಕೂ ಮನಸ್ಸಿಲ್ಲ ನೋಡೋಕೂ ಮಷಿನ್ ಇಲ್ಲ, ಅಂಥವರಿಗೋಸ್ಕರ ಈ ರಿವ್ಯೂ. ಗ್ರಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡ್ ಕಡೆ ನಡೆದ್ರೆ ಆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಲ್ಲಿ, ಒಂದು ಹಳೇ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಸಣ್ಣ ರೂಮು, ಒಳಗೆ ಗೋಡೆ ತುಂಬಾ ವಿಸಿಆರ್, ಅಂದ್ರೆ ಈ ಕ್ಯಾಸೆಟ್ ಓಡಿಸೋ ಮಷಿನ್. ಅಂಗಡಿ ಹೆಸರು ಇಲ್ಲಿ ಹಾಕಲ್ಲ, ಬೇಕಾದವ್ರು ಕೇಳಿ, ಹೇಳ್ತೀನಿ.

ಅಲ್ಲಿಗೆ ಬರೋ ಕ್ಯಾಸೆಟ್ ಎಲ್ಲ ಮದುವೆದೇ ಅಂತೆ. ನಮ್ಮದು ಸೀರಿಯಲ್ ಕ್ಯಾಸೆಟ್. ಮಾವ ಆಗ ಫೋರ್ಟಲ್ಲಿ ಉಡುಪಿ ಹೋಟೆಲ್ ಒಂದರ ಕೌಂಟರಲ್ಲಿ ಕೂರ್ತಿದ್ರು, ರಾತ್ರಿ ಡೊಂಬಿವಲಿ ಲೋಕಲ್ ಹಿಡಿದು ಮನೆಗೆ ಬರೋಷ್ಟರಲ್ಲಿ ಸೀರಿಯಲ್ ಎಲ್ಲ ಮುಗಿದಿರೋದು, ಅದಕ್ಕೆ ಅತ್ತೆ ಅವರಿಗೋಸ್ಕರ ರೆಕಾರ್ಡ್ ಮಾಡಿ ಇಡ್ತಿದ್ರು. ಒಂದೊಂದು ಕ್ಯಾಸೆಟ್ ಬೆನ್ನ ಮೇಲೂ ಬಿಳಿ ಪಟ್ಟಿ ಅಂಟಿಸಿ ನೀಲಿ ಪೆನ್ನಲ್ಲಿ ಕನ್ನಡದಲ್ಲಿ ಬರೆದಿದ್ದಾರೆ, ‘ತೂ ತೂ ಮೈ ಮೈ, ಅಳಿಸಬಾರದು’, ಇನ್ನೊಂದರ ಮೇಲೆ ‘ಶ್ರೀಮಾನ್ ಶ್ರೀಮತಿ, ಅರ್ಧ ಇದೆ’. ಎರಡರಲ್ಲೂ ಇರೋದು ನಟಿ ರೀಮಾ ಲಾಗೂ. ಮನೆಯಲ್ಲಿ ಅವರಿಗೆ ಹೆಸರೇ ಬೇರೆ, ‘ಶ್ರೀಮಾನ್ ಶ್ರೀಮತಿ’ಯ ಕೋಕಿ, ‘ತೂ ತೂ ಮೈ ಮೈ’ನ ದೇವಕಿ.

ಈಗಿನವ್ರಿಗೆ ರೀಮಾ ಲಾಗೂ ಅಂದ್ರೆ ಸಲ್ಮಾನ್ ಖಾನ್ ಅಮ್ಮ, ಅಷ್ಟೇ. ನನಗೆ ಇದು ಬೇಜಾರಿನ ವಿಷಯ, ನಿಜವಾಗ್ಲೂ. ‘ಮೈನೇ ಪ್ಯಾರ್ ಕಿಯಾ’ 1989ರಲ್ಲಿ ಬಂದಾಗ ಅವರಿಗೆ 31, ಸಲ್ಮಾನ್‌ಗಿಂತ ಏಳೇ ವರ್ಷ ದೊಡ್ಡವ್ರು, ‘ವಾಸ್ತವ್’ನಲ್ಲಿ ಸಂಜಯ್ ದತ್ತ್‌ಗೆ ಅಮ್ಮ ಆದಾಗ ಇಬ್ಬರ ಮಧ್ಯೆ ಅಂತರ ಒಂದೇ ವರ್ಷದ್ದು. ‘ಮೈನೇ ಪ್ಯಾರ್ ಕಿಯಾ’ದ ಹಿಂದಿನ ವರ್ಷ, 1988ರಲ್ಲೇ ‘ಕಯಾಮತ್ ಸೇ ಕಯಾಮತ್ ತಕ್’ನಲ್ಲಿ ಜೂಹಿ ಚಾವ್ಲಾ ಅಮ್ಮ ಆಗಿದ್ರು, ಆಮೇಲೆ ‘ಹಮ್ ಆಪ್ಕೆ ಹೈ ಕೌನ್’ನಲ್ಲಿ ಮಾಧುರಿ ಅಮ್ಮ. ಸಿನಿಮಾದವ್ರು ಅವರ ಕೈಗೆ ಆರತಿ ತಟ್ಟೆ ಕೊಟ್ಟು ಕಣ್ಣಲ್ಲಿ ನೀರು ತುಂಬಿಸಿ ನಿಲ್ಲಿಸಿಬಿಟ್ರು. ಅವರು ನಗಿಸೋದು ಹೇಗೆ ಅಂತ ನೋಡ್ಬೇಕಾದ್ರೆ ಟೀವಿಗೇ ಬರಬೇಕು.

ಹುಟ್ಟಿದ್ದು 1958ರಲ್ಲಿ, ಹೆಸರು ನಯನ್ ಭಡಭಡೆ. ತಾಯಿ ಮಂದಾಕಿನಿ ಭಡಭಡೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದ ನಟಿ. ಓದಿದ್ದು ಪುಣೆಯ ಹುಜೂರಪಾಗಾ ಶಾಲೆಯಲ್ಲಿ. ನಟ ವಿವೇಕ್ ಲಾಗೂ ಅವರನ್ನ ಮದುವೆ ಆದ್ಮೇಲೆ ರೀಮಾ ಲಾಗೂ ಆದ್ರು, ಮುಂದೆ ಇಬ್ಬರೂ ಬೇರೆ ಆದ್ರೂ ಹೆಸರು ಅದೇ ಉಳೀತು. ಇಲ್ಲಿ ಮುಂಬೈಯಲ್ಲಿ ಯೂನಿಯನ್ ಬ್ಯಾಂಕಲ್ಲಿ ವರ್ಷಗಟ್ಟಲೆ ಕೆಲಸ ಮಾಡ್ಕೊಂಡೇ ನಾಟಕ ಮಾಡ್ತಿದ್ರು, ಬೆಳಿಗ್ಗೆ ಬ್ಯಾಂಕು ಸಂಜೆ ರಿಹರ್ಸಲ್, ಈ ಊರಲ್ಲಿ ನೌಕರಿ ಮಾಡ್ಕೊಂಡು ಕನ್ನಡ ನಾಟಕ ಆಡಿಸಿದ ನಮ್ಮ ಮಾಟುಂಗಾ ಕಡೆಯವ್ರಿಗೆ ಆ ಕಷ್ಟ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಜಯವಂತ ದಳವಿ ಬರೆದ ‘ಪುರುಷ’ ನಾಟಕದಲ್ಲಿ ನಾನಾ ಪಾಟೇಕರ್ ಎದುರು ನಿಂತು ಪಾತ್ರ ಮಾಡಿದವ್ರು ಇವರು, ಅದರಲ್ಲಿ ನಗು ಅನ್ನೋದೇ ಇಲ್ಲ.

ಕಾಮಿಡಿಗೆ ಬಂದಾಗ ಆ ಸ್ಟೇಜ್ ತಾಲೀಮೇ ಕೈ ಹಿಡಿದಿದೆ ಅಂತ ನನ್ನ ಅಭಿಪ್ರಾಯ. ‘ಶ್ರೀಮಾನ್ ಶ್ರೀಮತಿ’ಯಲ್ಲಿ ಜತಿನ್ ಕನಕಿಯಾ ಮಾಡಿದ ಕೇಶವ್ ಕುಲಕರ್ಣಿಗೆ ಪಕ್ಕದ ಮನೆ ಸಿನಿಮಾ ನಟಿ ಪ್ರೇಮಾ ಶಾಲಿನಿ ಮೇಲೆ ಕಣ್ಣು, ಅದು ಅರ್ಚನಾ ಪೂರಣ್ ಸಿಂಗ್, ಪ್ರೇಮಾ ಗಂಡ ದಿಲ್‌ರುಬಾಗೆ, ಅಂದ್ರೆ ರಾಕೇಶ್ ಬೇಡಿಗೆ, ಕೇಶವ್ ಹೆಂಡತಿ ಕೋಕಿ ಮೇಲೆ ಕಣ್ಣು. ಮೂರು ಜನ ಕೈ ಕಾಲು ಕುಣಿಸಿ ಜೋರಾಗಿ ಆಡ್ತಾರೆ, ಮಧ್ಯದಲ್ಲಿ ಈಕೆ ಒಬ್ಬರೇ ಏನೂ ಆಗೇ ಇಲ್ಲ ಅನ್ನೋ ಹಾಗೆ ಸೀದಾ ಮುಖ ಇಟ್ಕೊಂಡು ನಿಂತಿರ್ತಾರೆ, ಕೊನೆಗೆ ನಮ್ಮ ಕಣ್ಣು ಹೋಗೋದು ಆ ಮುಖದ ಮೇಲೇ. ‘ತೂ ತೂ ಮೈ ಮೈ’ನಲ್ಲಿ ಪೂರಾ ಉಲ್ಟಾ. ಅದು 1994ರಲ್ಲಿ ದೂರದರ್ಶನದ ಡಿಡಿ ಮೆಟ್ರೋ ಚಾನೆಲ್‌ನಲ್ಲಿ ಶುರುವಾಗಿದ್ದು, ಆಮೇಲೆ ಸ್ಟಾರ್ ಪ್ಲಸ್‌ಗೆ ಹೋಯ್ತು, ಡೈರೆಕ್ಷನ್ ಸಚಿನ್ ಪಿಳಗಾಂವ್ಕರ್, ಸೊಸೆ ಅವರ ಹೆಂಡತಿ ಸುಪ್ರಿಯಾ. ಅತ್ತೆ ಪಾತ್ರಕ್ಕೆ ಬಂದಾಗ ರೀಮಾಗೆ 36, ಸೊಸೆಗಿಂತ ಒಂಬತ್ತೇ ವರ್ಷ ದೊಡ್ಡವ್ರು! ಆದ್ರೆ ನೋಡಿ, ಕೂಗ್ತಾ ಕೂಗ್ತಾ ಇರೋರು ಮಗ ಬಂದ ತಕ್ಷಣ ದನಿ ಇಳಿಸೋ ರೀತಿ, ಆ ಮಧ್ಯದ ಒಂದು ಉಸಿರು, ಕಣ್ಣು ಮಾತ್ರ ಇನ್ನೂ ಸೊಸೆ ಮೇಲೇ ಇರುತ್ತೆ ಬಾಯಿ ಮಗನ ಹತ್ರ ಮಾತಾಡ್ತಿರುತ್ತೆ. ಅತ್ತೆ ಸೊಸೆ ಜಗಳಾನ ಆಮೇಲೆ ಬಂದ ಸೀರಿಯಲ್‌ಗಳು ವಿಷ ಹಾಕೋ ಮಟ್ಟಕ್ಕೆ ತಗೊಂಡು ಹೋದ್ವು, ಇದರಲ್ಲಿ ಇಬ್ಬರಿಗೂ ಇನ್ನೊಬ್ಬರು ಇಲ್ದೆ ದಿನ ಹೋಗಲ್ಲ ಅನ್ನೋದು ಜಗಳದಲ್ಲೇ ಗೊತ್ತಾಗುತ್ತೆ.

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ ಸರ್ವಿಸ್ ಚೆನ್ನಾಗಿದೆಯೋ ಇಲ್ವೋ ಅಂತ ನಾನು ಅಳೆದಿದ್ದು ಇದರಿಂದಲೇ. ಮೊದಲು ಕೊಟ್ಟ ಫೈಲಲ್ಲಿ ಚಿತ್ರ ಚೆನ್ನಾಗೇ ಇತ್ತು, ಆದ್ರೆ ಅರ್ಧ ಗಂಟೆ ಆದ್ಮೇಲೆ ತುಟಿ ಮೊದಲು ಆಡುತ್ತೆ, ಮಾತು ಹಿಂದಿನಿಂದ ಬರುತ್ತೆ. ಮದುವೆ ಕ್ಯಾಸೆಟ್ ಆಗಿದ್ರೆ ಮಂತ್ರ ಸ್ವಲ್ಪ ಹಿಂದೆ ಬಿದ್ರೂ ಯಾರಿಗೂ ತೊಂದ್ರೆ ಇಲ್ಲ. ಕಾಮಿಡಿಯಲ್ಲಿ ಅರ್ಧ ಸೆಕೆಂಡ್ ಹೋದ್ರೆ ಎಲ್ಲಾ ಹೋಯ್ತು, ರೀಮಾ ತಿರುಗಿ ನೋಡಿ ಆದ್ಮೇಲೆ ಡೈಲಾಗ್ ಬಂದ್ರೆ ಅದು ಜೋಕೇ ಅಲ್ಲ. ವಾಪಸ್ ಹೋಗಿ ತೋರಿಸ್ದೆ. ಅಂಗಡಿಯವ್ರು ಹೆಡ್‌ಫೋನ್ ಹಾಕ್ಕೊಂಡು ಪೂರಾ ನೋಡಿದ್ರು, ಆಮೇಲೆ ವಿವರಿಸಿದ್ರು, ಟೇಪ್ ಹಾಳಾದ ಜಾಗದಲ್ಲಿ ಕಂಪ್ಯೂಟರ್ ಕೆಲವು ಫ್ರೇಮ್ ಹಿಡಿಯಲ್ಲ, ಸೌಂಡ್ ಮಾತ್ರ ಪೂರಾ ಹಿಡಿಯುತ್ತೆ, ಹಾಗಾಗಿ ಮುಂದೆ ಹೋದ ಹಾಗೆ ಅಂತರ ಜಾಸ್ತಿ ಆಗುತ್ತೆ ಅಂತ. ಟೇಪಿನಿಂದ ಏರುಪೇರಾಗಿ ಬರೋ ಸಿಗ್ನಲ್ ಸರಿ ಮಾಡೋ ಟೈಮ್ ಬೇಸ್ ಕರೆಕ್ಟರ್ ಅನ್ನೋ ಡಬ್ಬ ಮಧ್ಯೆ ಹಾಕಿ ಇನ್ನೊಂದು ಸಲ ಪೂರಾ ಓಡಿಸಿ ಕೊಟ್ರು, ಎಕ್ಸ್‌ಟ್ರಾ ದುಡ್ಡು ಕೇಳ್ಲಿಲ್ಲ. ಮೂರು ಗಂಟೆ ಟೇಪ್ ಅಂದ್ರೆ ಮೂರು ಗಂಟೆ ಓಡಿಸಲೇಬೇಕು, ಇದರಲ್ಲಿ ಫಾಸ್ಟ್ ಫಾರ್ವರ್ಡ್ ಇಲ್ಲ, ಆ ಲೆಕ್ಕದಲ್ಲಿ ಇದು ದೊಡ್ಡ ಮಾತು.

ಇನ್ನೊಂದು ಒಳ್ಳೇದು, ಹಳೇ ಟೀವಿಯ 4:3 ಅಳತೆಯಲ್ಲೇ ಬಿಟ್ಟಿದ್ದಾರೆ. ಎಷ್ಟೋ ಕಡೆ ಈಗಿನ ಟೀವಿ ತುಂಬ್ಲಿ ಅಂತ ಎಳೆದು ಅಗಲ ಮಾಡಿ ಕೊಡ್ತಾರೆ, ಪಾಪ ಎಲ್ಲರ ಮುಖಾನೂ ದಪ್ಪ ಆಗಿರುತ್ತೆ. ಜಾಹೀರಾತು ಕಟ್ ಮಾಡ್ಲಾ ಅಂತಾನೂ ಮೊದಲೇ ಕೇಳಿದ್ರು, ಬೇಡ ಅಂದೆ. ಡಿಡಿ ಮೆಟ್ರೋ ಚಾನೆಲ್ಲೇ 2003ರಲ್ಲಿ ಮುಚ್ಚಿ ಆ ಜಾಗದಲ್ಲಿ ಡಿಡಿ ನ್ಯೂಸ್ ಬಂತು, ಸೀರಿಯಲ್ ಎಪಿಸೋಡ್ ಎಲ್ಲಾದ್ರೂ ಹುಡುಕಿದ್ರೆ ಸಿಗಬಹುದು, ಆವತ್ತಿನ ಸಂಜೆ ಹಾಗೇ ಇಡಿಯಾಗಿ ಸಿಗೋದು ನಮ್ಮ ಟೇಪಲ್ಲೇ.

ಕೊರತೆ ಅಂದ್ರೆ, ಪೆನ್ ಡ್ರೈವ್ ಹಳೇ ಫಾರ್ಮ್ಯಾಟಲ್ಲಿ ಕೊಟ್ರು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ, ಹೀಗಾಗಿ ಒಂದು ಎಪಿಸೋಡ್ ಸರಿಯಾಗಿ ಜಗಳದ ಮಧ್ಯದಲ್ಲೇ ಎರಡು ತುಂಡಾಗಿದೆ, ದೊಡ್ಡ ಫೈಲೂ ಹಿಡಿಯೋ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿ ಕೊಡಿ ಅಂತ ಮೊದಲೇ ಹೇಳಿ. ಒಂದು ಕ್ಯಾಸೆಟ್ಟಲ್ಲಿ ಝುಂಯ್ ಅನ್ನೋ ಸದ್ದು ಹೋಗಲೇ ಇಲ್ಲ. ಹೇಳಿದ ದಿನಕ್ಕೆ ಸಿಗಲ್ಲ, ಫೋನ್ ಮಾಡ್ತಾ ಇರ್ಬೇಕು. ಕ್ಯಾಸೆಟ್‌ಗೆ 400 ರೂಪಾಯಿ, ಫಂಗಸ್ ಇದ್ರೆ ಕ್ಲೀನಿಂಗ್ 150 ಬೇರೆ, ನಮ್ಮದರಲ್ಲಿ ಮುಕ್ಕಾಲು ಪಾಲಿಗೆ ಫಂಗಸ್ ಇತ್ತು.

ಅತ್ತೆ ನೋಡಿದ್ರು. ಮೊದಲು ಸುಪ್ರಿಯಾ ಪರ ಇದ್ದವ್ರು ಈಗ ದೇವಕಿ ಪರ ಆಗಿದ್ದಾರೆ, ನಾನು ಇನ್ನೂ ಸೊಸೆ ಪಾರ್ಟಿ. ಮಗಳಿಗೆ ಹಿಂದಿ ಹಾಸ್ಯ ಅಂದ್ರೆ ರೀಲ್ಸ್ ಅಂತಾನೇ ಗೊತ್ತಿದ್ದಿದ್ದು, ಅವಳು ಕೂತು ನೋಡಿ ‘ಈ ಆಂಟಿ ಈಗ ಏನ್ ಮಾಡ್ತಾರೆ’ ಅಂದ್ಳು. 2017 ಮೇ 18ಕ್ಕೆ ಹೋಗಿಬಿಟ್ರು ಅಂತ ಹೇಳ್ಬೇಕಾಯ್ತು, ಹಿಂದಿನ ಸಂಜೆವರೆಗೂ ‘ನಾಮ್‌ಕರಣ್’ ಸೀರಿಯಲ್ ಶೂಟಿಂಗಲ್ಲಿ ಇದ್ರು, ರಾತ್ರಿ ಎದೆನೋವು ಬಂತು, ಕೋಕಿಲಾಬೆನ್ ಆಸ್ಪತ್ರೆಗೆ ಸೇರಿಸಿದ್ರು, ಬೆಳಗಾಗೋಷ್ಟರಲ್ಲಿ ಇಲ್ಲ. ವಯಸ್ಸು 58. ಕೊನೇ ಪಾತ್ರ ದಯಾವಂತಿ ಮೆಹ್ತಾ, ಕಲ್ಲು ಮನಸ್ಸಿನ ಅಜ್ಜಿ, ಕಾಮಿಡಿಯ ಸುಳಿವೂ ಇಲ್ಲ ಅದರಲ್ಲಿ. ಅಂಥ ಟೈಮಿಂಗ್ ಇದ್ದವ್ರಿಗೆ ಕೊನೇ ವರ್ಷಗಳಲ್ಲಿ ಇನ್ನೊಂದು ದೊಡ್ಡ ಹಿಂದಿ ಕಾಮಿಡಿ ಯಾರಾದ್ರೂ ಬರೆದು ಕೊಡ್ಬೇಕಿತ್ತು ಅಂತ ನನಗೆ ಅನಿಸ್ತಾನೇ ಇರುತ್ತೆ.

ಒಟ್ಟು ಐದಕ್ಕೆ ನಾಲ್ಕು ಸ್ಟಾರ್. ಕ್ಯಾಸೆಟ್ ಕೊಡೋ ಮುಂಚೆ ಮನೆಯಲ್ಲಿ ಹಳೇ ವಿಸಿಆರ್ ಇದ್ರೂ ಹಾಕಿ ನೋಡೋಕೆ ಹೋಗ್ಬೇಡಿ, ಫಂಗಸ್ ಹಿಡಿದ ಟೇಪ್ ಸಿಕ್ಕಿಹಾಕ್ಕೊಂಡು ಹರಿಯುತ್ತೆ, ಒಳಗಿನ ಹೆಡ್ಡೂ ಗಲೀಜಾಗಿ ಮುಂದಿನ ಕ್ಯಾಸೆಟ್ಟಿಗೂ ಅದೇ ಗತಿ. ಕೊನೆಗೆ ವಿಸಿಆರ್ ಮಾಡ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿಬಿಟ್ಟಿದೆ, ಈ ಅಂಗಡಿಯವ್ರೂ ಒಂದು ಮಷಿನ್ ಬಿಚ್ಚಿ ಇನ್ನೊಂದಕ್ಕೆ ಹಾಕಿ ನಡೆಸ್ತಿದ್ದಾರೆ. ಕೊಡೋರು ಜೂನ್ ಮಳೆ ಹಿಡಿಯೋ ಮುಂಚೆ ಕೊಟ್ಬಿಡಿ, ಪಟ್ಟಿ ಮೇಲೆ ಬರೆದಿರೋದನ್ನ ಒಂದು ಫೋಟೋ ತೆಗೆದಿಟ್ಕೊಳ್ಳಿ, ಯಾಕಂದ್ರೆ ಕ್ಲೀನ್ ಮಾಡುವಾಗ ಆ ಪಟ್ಟಿ ಕಿತ್ತು ಬರುತ್ತೆ.