ರೋಮ್ ಎಂದು ಬರೆದಿತ್ತು, ಕೊಟ್ಟದ್ದು ಬಸ್ಸಿನ ಸೀಟು

ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿಕೊಂಡವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಶೋರ್ ಎಕ್ಸ್‌ಕರ್ಶನ್‌ಗೆ ಅಂದರೆ ಬಂದರಿನಲ್ಲಿ ಇಳಿದು ಊರು ನೋಡುವ ಟೂರಿಗೆ, ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ಹಡಗಿನ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ನಾನು ಬಿದ್ದ ಗುಂಡಿ ಬೇರೆ ಹಡಗುಗಳಲ್ಲೂ ಇದೆ. ತಪ್ಪಿನಲ್ಲಿ ಅರ್ಧ ನನ್ನದೇ.

ನಾವು ನಾಲ್ಕು ಜನ. ನಾನು, ನಮ್ಮನೆಯವರು, ಅಪ್ಪ, ಅಮ್ಮ. ಮೈಸೂರಿನವರು. ಅಪ್ಪನಿಗೆ 74, ಅಮ್ಮನಿಗೆ ಮಂಡಿನೋವು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ರೋಮಿನ ವ್ಯಾಟಿಕನ್ನಿನಲ್ಲಿರುವ ಸಿಸ್ಟೀನ್ ಚಾಪೆಲ್ ಎನ್ನುವ ಪ್ರಾರ್ಥನಾ ಮಂದಿರದ ಚಾವಣಿಯ ಚಿತ್ರವಿದ್ದ ಒಂದು ಹಳೆ ಕ್ಯಾಲೆಂಡರ್ ಹಾಳೆಯನ್ನು ಡ್ರಾಯಿಂಗ್ ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದರು. ರಿಟೈರ್ ಆದ ದಿನ ಅದನ್ನು ಬಿಡಿಸಿ ಮನೆಗೆ ತಂದರು. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಅದನ್ನು ಬರೆದ, ಮಲಗಿಕೊಂಡಲ್ಲ, ನಿಂತುಕೊಂಡು ಕತ್ತೆತ್ತಿ ಬರೆದ ಎನ್ನುವುದನ್ನು ನಮ್ಮ ಮನೆಗೆ ಬಂದವರೆಲ್ಲ ಒಮ್ಮೆಯಾದರೂ ಕೇಳಿದ್ದಾರೆ. ಕ್ರೂಸ್ ಎಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಹಡಗು ರೋಮಿಗೆ ಹೋಗುತ್ತಾ?"

ಹೋಗುತ್ತದೆ. ಅಂದರೆ, ಹಾಗಂತ ಬರೆದಿರುತ್ತದೆ.

ಮೊದಲ ಪಾಠ ಇಲ್ಲೇ ಇದೆ. ರೋಮಿಗೆ ಯಾವ ಕ್ರೂಸ್ ಹಡಗೂ ಹೋಗುವುದಿಲ್ಲ. ಅದು ನಿಲ್ಲುವುದು ಚಿವಿತವೆಕ್ಕಿಯಾ ಎನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. ಮದ್ದೂರಿನಲ್ಲಿ ಇಳಿಸಿ "ಇದೇ ಬೆಂಗಳೂರು" ಎಂದ ಹಾಗೆ. ಫ್ಲಾರೆನ್ಸ್ ಎಂದು ಬರೆದಿದ್ದರೆ ಅದು ಲಿವೊರ್ನೊ, ಅಲ್ಲಿಂದ ಇನ್ನೂ 90 ಕಿಲೋಮೀಟರ್. ಅಥೆನ್ಸ್ ಎಂದರೆ ಪಿರೇಯಸ್, ಅದು ಪರವಾಗಿಲ್ಲ, ಮೆಟ್ರೋ ಇದೆ. ವೆನಿಸ್ ಕಥೆಯೂ ಬದಲಾಗಿದೆ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳನ್ನು ಊರ ಮುಂದಿನ ಕಾಲುವೆಗೆ ಬಿಡುತ್ತಿಲ್ಲ. ವೆನಿಸ್ ಎಂದು ಬರೆದಿದ್ದರೂ ಎಷ್ಟೋ ಹಡಗುಗಳು ರವೆನ್ನಾದಲ್ಲೋ ತ್ರಿಯೆಸ್ತೆಯಲ್ಲೋ ನಿಲ್ಲುತ್ತವೆ.

ನಮ್ಮದು ಮೇ ತಿಂಗಳಲ್ಲಿ ಬಾರ್ಸಿಲೋನಾದಿಂದ ಹೊರಟ ಏಳು ರಾತ್ರಿಯ ಕ್ರೂಸ್. ಶುಕ್ರವಾರ ಮಾರ್ಸೇ. ಅಲ್ಲಿ ಟೂರು ತೆಗೆದುಕೊಳ್ಳಲಿಲ್ಲ. ಶಟಲ್ ಬಸ್ಸಿನಲ್ಲಿ ಊರಿಗೆ ಹೋಗಿ, ಹಳೆ ಬಂದರಿನಲ್ಲಿ ಕೂತು, ಮೀನು ಮಾರುವವರನ್ನು ನೋಡಿಕೊಂಡು ಬಂದೆವು. ಶನಿವಾರ ಲಿವೊರ್ನೊ. ಅಲ್ಲಿ ಹಡಗಿನವರದ್ದೇ ಪೀಸಾ ಟೂರು, ಅರ್ಧ ದಿನದ್ದು. ಬಸ್ಸು ನಿಲ್ಲಿಸುವ ಜಾಗದಿಂದ ವಾಲುಗೋಪುರದವರೆಗೆ ಒಂದಷ್ಟು ದೂರ ನಡೆಯಬೇಕು. ಅದನ್ನು ಬಿಟ್ಟರೆ ಎಲ್ಲ ಚೆನ್ನಾಗಿತ್ತು. ಗೈಡ್ ಒಳ್ಳೆಯವಳು, ಅಮ್ಮನಿಗಾಗಿ ನಿಧಾನ ನಡೆದಳು. ಅದೇ ದಿನ ನಮ್ಮ ಊಟದ ಮೇಜಿನ ಪುಣೆಯ ದಂಪತಿ ಒಂದೇ ಟೂರಿನಲ್ಲಿ ಪೀಸಾ, ಫ್ಲಾರೆನ್ಸ್ ಎರಡನ್ನೂ ನೋಡಲು ಹೋಗಿದ್ದರು. ರಾತ್ರಿ ಊಟಕ್ಕೆ ಬಂದಾಗ ಅವರಿಗೆ ಚಮಚ ಎತ್ತುವುದಕ್ಕೂ ತ್ರಾಣವಿರಲಿಲ್ಲ. ಪೀಸಾದಲ್ಲಿ 40 ನಿಮಿಷ, ಫ್ಲಾರೆನ್ಸ್‌ನಲ್ಲಿ ಎರಡು ಗಂಟೆ, ಮಿಕ್ಕಿದ್ದೆಲ್ಲ ಬಸ್ಸು. ನಾನು ಒಳಗೊಳಗೇ ಬೀಗಿದೆ, ನೋಡು ನಾನೆಷ್ಟು ಜಾಣೆ ಅಂತ. ಆ ಗುಂಗಿನಲ್ಲೇ ಮರುದಿನದ ರೋಮ್ ಟೂರಿನ ವಿವರವನ್ನು ಇನ್ನೊಮ್ಮೆ ಓದಲಿಲ್ಲ.

ಆ ಟೂರಿನ ಹೆಸರು "ರೋಮ್ ಆನ್ ಯುವರ್ ಓನ್". ಮೂರು ತಿಂಗಳು ಮೊದಲೇ ಆ್ಯಪ್‌ನಲ್ಲಿ ಬುಕ್ ಮಾಡಿದ್ದೆ. ತಲೆಗೆ 79 ಯೂರೋ, ನಾಲ್ಕು ಜನಕ್ಕೆ 316. ನಮ್ಮ ದುಡ್ಡಿನಲ್ಲಿ ಮೂವತ್ತು ಸಾವಿರದ ಹತ್ತಿರ. ಪುಟದ ಮೇಲೆ ಕೊಲೊಸಿಯಂ, ಸೇಂಟ್ ಪೀಟರ್ಸ್, ಸಿಸ್ಟೀನ್ ಚಾವಣಿ, ಮೂರರ ಫೋಟೋನೂ ಇತ್ತು. ಗೈಡ್ ಹಿಂದೆ ಓಡಬೇಕಾಗಿಲ್ಲ, ನಮ್ಮ ಪಾಡಿಗೆ ನಾವು ಒಳಗೆ ಹೋಗಿ ನೋಡಬಹುದು ಎಂದುಕೊಂಡೆ. ಟಿಕೆಟ್ ಸೇರಿಯೇ ಇರುತ್ತದೆ, ಅಷ್ಟು ದುಡ್ಡು ಸುಮ್ನೆ ತಗೋತಾರಾ?

ಸುಮ್ನೆ ತಗೋತಾರೆ. ಅದು ಬರೀ ಬಸ್ಸು. ಬೆಳಗ್ಗೆ ಬಿಡುತ್ತದೆ, ಮಧ್ಯಾಹ್ನ ಎತ್ತಿಕೊಂಡು ಬರುತ್ತದೆ. ಗೈಡ್ ಇಲ್ಲ, ಟಿಕೆಟ್ ಇಲ್ಲ, ಊಟ ಇಲ್ಲ.

ಹಿಂದಿನ ರಾತ್ರಿ ಅಪ್ಪ ಕೇಳಿದ್ದರು. "ನಾಳೆ ಭಾನುವಾರ ಅಲ್ವಾ, ತೆಗೆದಿರುತ್ತಾ?"

"ಅಯ್ಯೋ ಅಪ್ಪ, ರೋಮ್ ಅದು. ಪ್ರಪಂಚದ ಜನ ಎಲ್ಲ ಬರ್ತಾರೆ. ಯಾವಾಗ್ಲೂ ತೆಗೆದಿರುತ್ತೆ."

ಮೈಸೂರು ಝೂಗೆ ಮಂಗಳವಾರ ರಜ ಅಂತ ನಮ್ಮೂರಿನ ಮಗುವಿಗೂ ಗೊತ್ತು. ಹಾಗೇ ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜ. ತಿಂಗಳ ಕೊನೆಯ ಭಾನುವಾರ ಮಾತ್ರ ತೆಗೆದಿರುತ್ತದೆ. ಅವತ್ತು ಎರಡನೆಯ ಭಾನುವಾರ. ಸಿಸ್ಟೀನ್ ಚಾಪೆಲ್‌ಗೆ ಹೋಗುವ ದಾರಿ ಇರುವುದು ಆ ಮ್ಯೂಸಿಯಂನ ಒಳಗಿನಿಂದಲೇ. ಪಕ್ಕದ ಸೇಂಟ್ ಪೀಟರ್ಸ್ ಚರ್ಚಿನಿಂದ ಹೋಗಬಹುದೇನೋ ಎಂದುಕೊಳ್ಳಬೇಡಿ, ನಾನು ಅಂದುಕೊಂಡಿದ್ದೆ. ಫ್ಲಾರೆನ್ಸ್‌ನ ಉಫಿಜಿ ಚಿತ್ರಶಾಲೆಗೆ ಸೋಮವಾರ ರಜ, ಡೇವಿಡ್ ಮೂರ್ತಿ ಇರುವ ಅಕಾಡೆಮಿಯಾಕ್ಕೂ ಸೋಮವಾರವೇ. ಹಡಗು ಯಾವ ಊರಿಗೆ ಎನ್ನುವಷ್ಟೇ ಮುಖ್ಯ, ಯಾವ ವಾರ ಎನ್ನುವುದು.

ಆ ದಿನದ ಲೆಕ್ಕ ಹೇಳುತ್ತೇನೆ ಕೇಳಿ. ಹಡಗು ನಿಂತದ್ದು 7ಕ್ಕೆ. 7:45ಕ್ಕೆ ಹಡಗಿನ ಥಿಯೇಟರಿನಲ್ಲಿ ಸೇರಬೇಕು. ಎದೆಗೆ ನಂಬರ್ ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮದು 23. ಕರೆಯುವವರೆಗೆ ಕಾಯಬೇಕು. ಬಸ್ಸು ಹೊರಟದ್ದು 8:40ಕ್ಕೆ. ದಾರಿಯಲ್ಲಿ ಬಾತ್‌ರೂಮಿಗೆಂದು ಒಂದು ಕಡೆ ನಿಲ್ಲಿಸಿದರು. ಅಲ್ಲಿ ಅಂಗಡಿಯೂ ಇತ್ತು ಅನ್ನಿ. ರೋಮ್ ತಲುಪಿದಾಗ 10:30. ಹಳೆ ರೋಮಿನ ಒಳಕ್ಕೆ ಟೂರಿಸ್ಟ್ ಬಸ್ಸುಗಳನ್ನು ಬಿಡುವುದಿಲ್ಲ, ಹಾಗಾಗಿ ಇಳಿಸಿದ ಜಾಗದಿಂದ ಸೇಂಟ್ ಪೀಟರ್ಸ್‌ವರೆಗೆ ನಡಿಗೆ, ಕಲ್ಲು ಹಾಸಿದ ರಸ್ತೆ, ಅಮ್ಮನ ಮಂಡಿ. 3:15ಕ್ಕೆ ವಾಪಸ್ ಬಸ್ಸಿನ ಹತ್ತಿರ ಇರಬೇಕು. ಇಡೀ ದಿನದ ಟೂರು ಎಂದು ದುಡ್ಡು ಕೊಟ್ಟರೆ ಕೈಗೆ ಸಿಕ್ಕಿದ್ದು ನಾಲ್ಕೂಮುಕ್ಕಾಲು ಗಂಟೆ.

ಸೇಂಟ್ ಪೀಟರ್ಸ್ ಚೌಕದಲ್ಲಿ ಜಾತ್ರೆ. ಪೋಪ್ ಊರಿನಲ್ಲಿದ್ದರೆ ಭಾನುವಾರ ಮಧ್ಯಾಹ್ನ 12ಕ್ಕೆ ಕಿಟಕಿಗೆ ಬಂದು ಪ್ರಾರ್ಥನೆ ಹೇಳಿ ಆಶೀರ್ವಾದ ಮಾಡುತ್ತಾರಂತೆ. ಅದಕ್ಕೆ ಸೇರಿದ ಜನ. ಚರ್ಚಿನ ಒಳಗೆ ಹೋಗಲು ಸೆಕ್ಯುರಿಟಿ ಕ್ಯೂ ಕಂಬಗಳ ಸಾಲನ್ನು ಸುತ್ತಿಕೊಂಡು ಬಂದಿತ್ತು. ಇದು ಬೇಡ, ಮೊದಲು ಅಪ್ಪನ ಚಾವಣಿ ಮುಗಿಸೋಣ ಎಂದೆ. ಎತ್ತರದ ಗೋಡೆಯ ಪಕ್ಕದಲ್ಲೇ ಕಾಲು ಗಂಟೆ ನಡೆದು ಮ್ಯೂಸಿಯಂ ಬಾಗಿಲಿಗೆ ಬಂದೆವು. ಒಂದು ನರಪಿಳ್ಳೆಯೂ ಇಲ್ಲ. ಗಂಟೆಗಟ್ಟಲೆ ಕ್ಯೂ ಇರುತ್ತದೆ ಎಂದು ಓದಿದ್ದೆನಲ್ಲ, "ನೋಡಿ ಅಪ್ಪ, ಎಂಥ ಅದೃಷ್ಟ!" ಎಂದೂ ಹೇಳಿಬಿಟ್ಟೆ.

ಬಾಗಿಲು ಮುಚ್ಚಿತ್ತು.

ಅಪ್ಪ ಬೋರ್ಡು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ಚಾವಣಿ ನೋಡೋಕೆ ಬಂದು ಗೋಡೆ ನೋಡಿದ್ವಿ. ಇರಲಿ ಬಿಡು, ಗೋಡೆನೂ ಚೆನ್ನಾಗಿದೆ" ಎಂದರು. ಬೈದಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಆಮೇಲೆ ಟ್ಯಾಕ್ಸಿ ಹಿಡಿದು ಕೊಲೊಸಿಯಂಗೆ ಹೋದೆವು. ಅಲ್ಲಿ ಟಿಕೆಟ್ ಮೇಲೆ ಹೆಸರೂ ಸಮಯವೂ ಇರುತ್ತದೆ, ಮುಂಚೆಯೇ ತೆಗೆದುಕೊಂಡಿರಬೇಕು. ಅವತ್ತಿನದು ಖಾಲಿ. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗರು "ಸ್ಕಿಪ್ ದ ಲೈನ್, ಸ್ಕಿಪ್ ದ ಲೈನ್" ಎಂದು ಬೆನ್ನು ಬಿದ್ದರು. ಹೊರಗಿಂದ ಒಂದು ಸುತ್ತು ಹಾಕಿದೆವು. ರೋಮ್ ಆ ದಿನ ನಮಗೆ ಕೊಟ್ಟದ್ದೆಂದರೆ ರಸ್ತೆ ಬದಿಯ ಕಬ್ಬಿಣದ ನಲ್ಲಿಗಳ ತಣ್ಣನೆ ನೀರು. ಅದಕ್ಕೆ ದುಡ್ಡಿಲ್ಲ, ಧೈರ್ಯವಾಗಿ ಕುಡಿಯಬಹುದು. ಅಮ್ಮ ಎರಡು ಬಾಟಲಿ ತುಂಬಿಸಿಕೊಂಡರು.

ಹಡಗಿನ ಎಕ್ಸ್‌ಕರ್ಶನ್ ಡೆಸ್ಕಿನಲ್ಲಿ ಜಗಳ ಮಾಡಿದೆ. ಹುಡುಗಿ ನಗುತ್ತಲೇ ಹೇಳಿದಳು: ನೀವು ಕೊಂಡದ್ದು ಬಸ್ಸಿನ ಪ್ರಯಾಣ, ಬಸ್ಸು ಸಮಯಕ್ಕೆ ಹೋಯಿತು, ಸಮಯಕ್ಕೆ ಬಂತು. ಫೋಟೋ? ಅದು ರೋಮ್‌ನಲ್ಲಿ ಏನೇನಿದೆ ಎಂದು ತೋರಿಸುವುದಕ್ಕೆ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಸಿಟ್ಟು.

ಈಗ ಆ ಟೂರು ಪುಟಗಳ ಭಾಷೆ ನನಗೆ ಅರ್ಥವಾಗುತ್ತದೆ. "ವ್ಯೂ" ಎಂದರೆ ಬಸ್ಸಿನ ಕಿಟಕಿಯಿಂದ. "ಪನೋರಮಿಕ್" ಎಂದರೆ ಪೂರ್ತಿ ಕಿಟಕಿಯಿಂದಲೇ. "ಫೋಟೋ ಸ್ಟಾಪ್" ಎಂದರೆ ಹತ್ತು ನಿಮಿಷ ಇಳಿಸುತ್ತಾರೆ. ಒಳಗೆ ಬಿಡುವುದು "ಎಂಟ್ರೆನ್ಸ್ ಇನ್‌ಕ್ಲೂಡೆಡ್" ಎಂದು ಅಚ್ಚಾಗಿದ್ದರೆ ಮಾತ್ರ. "ವಿಸಿಟ್" ಎನ್ನುವ ಪದವನ್ನು ನಂಬಬೇಡಿ, ಅದು ಎರಡೂ ಕಡೆ ವಾಲುತ್ತದೆ. "ಫ್ರೀ ಟೈಮ್" ಎನ್ನುವುದು ಅಂಗಡಿ ಬೀದಿಯಲ್ಲಿ ಬಂದರೆ ಅದು ನಿಮ್ಮ ಫ್ರೀ ಟೈಮ್ ಅಲ್ಲ.

ಬರೀ ಬಸ್ಸೇ ಬೇಕಿದ್ದರೆ ರೈಲಿತ್ತಲ್ಲ! ಬಂದರಿನ ಬಸ್ಸು ಗೇಟಿನವರೆಗೆ ಬಿಡುತ್ತದೆ, ಅಲ್ಲಿಂದ ಚಿವಿತವೆಕ್ಕಿಯಾ ಸ್ಟೇಷನ್ನಿಗೆ ಹೋಗಬಹುದು. ಸಾಮಾನ್ಯ ರೈಲಿಗೆ ಹತ್ತು ಯೂರೋಗಿಂತ ಕಡಿಮೆ. ಸುಮಾರು ಒಂದು ಗಂಟೆ ಪ್ರಯಾಣ, ರೋಮಾ ಸಾನ್ ಪಿಯೆತ್ರೊ ಎನ್ನುವಲ್ಲಿ ಇಳಿದರೆ ಸೇಂಟ್ ಪೀಟರ್ಸ್‌ಗೆ ನಡೆದೇ ಹೋಗಬಹುದು.

ಇಷ್ಟಾದ ಮೇಲೆ ನಮ್ಮನೆಯವರಿಗೆ ಹಡಗಿನ ಟೂರು ಎಂದರೆ ಮೈಯೆಲ್ಲ ಉರಿ. ಮರುದಿನ ನೇಪಲ್ಸ್. ಅಲ್ಲಿನ ಪೊಂಪೇ ಟೂರು ಕ್ಯಾನ್ಸಲ್ ಮಾಡಲು ಹೋದರು. ಗಡುವು ದಾಟಿದ್ದರಿಂದ ದುಡ್ಡು ಬರಲಿಲ್ಲ. ಆದರೂ ಹಟ. ರಾತ್ರಿಯೇ ಫೋನಿನಲ್ಲಿ ಹುಡುಕಿ ಹೊರಗಿನ ಒಂದು ವ್ಯಾನ್ ಬುಕ್ ಮಾಡಿದರು. ತಲೆಗೆ 45, ಪೊಂಪೇ ಟಿಕೆಟ್ ಬೇರೆ.

ನೇಪಲ್ಸ್‌ನಲ್ಲಿ ಹಡಗು ಊರ ಮಡಿಲಲ್ಲೇ ನಿಲ್ಲುತ್ತದೆ. ಪೊಂಪೇ 25 ಕಿಲೋಮೀಟರ್ ಅಷ್ಟೇ. ಆದರೆ ವ್ಯಾನು ನೇರ ಪೊಂಪೇಗೆ ಹೋಗಲಿಲ್ಲ. ದಾರಿಯಲ್ಲಿ ತೊರ್ರೆ ದೆಲ್ ಗ್ರೆಕೊ ಎನ್ನುವ ಊರಿದೆ. ಹವಳಕ್ಕೂ, ಚಿಪ್ಪಿನ ಮೇಲೆ ಮುಖ ಕೆತ್ತುವ ಕ್ಯಾಮಿಯೊ ಕೆಲಸಕ್ಕೂ ಹೆಸರುವಾಸಿ. "ಐದು ನಿಮಿಷ, ಡೆಮೋ" ಎಂದ ಡ್ರೈವರ್. ಕೆಳಗೆ ಒಬ್ಬರು ಎರಡು ನಿಮಿಷ ಕೆತ್ತಿ ತೋರಿಸಿದರು. ಮೇಲೆ ಮಹಡಿ ತುಂಬ ಷೋರೂಮು. ಹೊರಗೆ ಬರುವ ಹೊತ್ತಿಗೆ 50 ನಿಮಿಷ. ಮೈಸೂರಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಟೂರಿಸ್ಟರನ್ನು ಅರಮನೆಗೆ ಅಂತ ಹತ್ತಿಸಿಕೊಂಡ ಆಟೋ ಮೊದಲು ಗಂಧ, ರೇಷ್ಮೆ ಅಂಗಡಿ ಮುಂದೆ ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಅಮ್ಮ ಮಾತ್ರ, "ನಮ್ಮ ಸೀರೆ ಅಂಗಡಿಯವರೇ ವಾಸಿ, ಕಾಫಿನಾದ್ರೂ ಕೊಡ್ತಾರೆ" ಎಂದರು.

ಪೊಂಪೇಗೆ ಸಿಕ್ಕಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಕ್ರಿಸ್ತಶಕ 79ರಲ್ಲಿ ವೆಸುವಿಯಸ್ ಬೂದಿಯಡಿ ಹೂತುಹೋದ ಇಡೀ ಒಂದು ಊರು ಅದು. ಮೂರು ಗಂಟೆಯಾದರೂ ಬೇಕು. ನೆರಳೇ ಇಲ್ಲ.

ವಾಪಸ್ ಬರುವಾಗ ಟ್ರಾಫಿಕ್ಕು ನಿಂತೇಬಿಟ್ಟಿತು. ಹಡಗು ಹೊರಡುವುದು 6ಕ್ಕೆ, ನಾವು 5:30ರೊಳಗೆ ಹತ್ತಿರಬೇಕು. 4:50ಕ್ಕೆ ವ್ಯಾನು ಇನ್ನೂ ಹೈವೇಯಲ್ಲೇ. ಹಡಗಿನ ಟೂರಿನಲ್ಲಿ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ನಾವಾಗಿಯೇ ಹೋದರೆ ಕಾಯುವುದಿಲ್ಲ. ನಮ್ಮ ಪಾಸ್‌ಪೋರ್ಟುಗಳು ಹಡಗಿನ ರಿಸೆಪ್ಶನ್‌ನಲ್ಲಿ, ಅಪ್ಪನ ಬಿಪಿ ಮಾತ್ರೆ ಕ್ಯಾಬಿನ್ನಿನಲ್ಲಿ. ಡ್ರೈವರ್ ಹಾಡು ಕೇಳುತ್ತಿದ್ದ. ಬಂದರಿನಲ್ಲಿ ಇಳಿದಾಗ 5:24. ಅಮ್ಮನನ್ನು ಎರಡು ಕಡೆಯಿಂದ ಹಿಡಿದುಕೊಂಡು ಓಡಿದೆವು. ಹಡಗಿನ ಮೇಲಿನ ಡೆಕ್ಕಿನಲ್ಲಿ ನಿಂತವರು ಚಪ್ಪಾಳೆ ತಟ್ಟಿ ಶಿಳ್ಳೆ ಹಾಕುತ್ತಿದ್ದರು. ತಡವಾಗಿ ಓಡಿ ಬರುವವರನ್ನು ನೋಡುವುದು ಕ್ರೂಸ್‌ನಲ್ಲಿ ಒಂದು ಮನರಂಜನೆಯಂತೆ. ಅವತ್ತು ಅದು ನಾವು.

ಹಾಗಾಗಿ ಹಡಗಿನದ್ದು ಒಳ್ಳೆಯದಾ, ಹೊರಗಿನದ್ದು ಒಳ್ಳೆಯದಾ ಎಂದು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಬಂದರು ನೋಡಿ ಹೇಳಬೇಕು. ನನ್ನ ತಂಗಿ ಅಕ್ಟೋಬರ್‌ನಲ್ಲಿ ಹೋಗುತ್ತಿದ್ದಾಳೆ. ಅವಳದ್ದರಲ್ಲಿ ಸಾಂತೊರಿನಿ ಇದೆ. ಅಲ್ಲಿ ಹಡಗು ಸಮುದ್ರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ನಾವಾಗಿಯೇ ಹೋದರೆ ಇಳಿಯುವುದು ಬೆಟ್ಟದ ಬುಡದಲ್ಲಿ. ಮೇಲಿನ ಊರಿಗೆ ಕೇಬಲ್ ಕಾರು, ಕತ್ತೆ, ಇಲ್ಲವೇ 588 ಮೆಟ್ಟಿಲು. ಹಡಗಿನ ಟೂರಿನವರನ್ನು ಸಾಮಾನ್ಯವಾಗಿ ಬೇರೆ ಕಡೆ ಇಳಿಸಿ ಬಸ್ಸಿನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಹಡಗಿನದ್ದೇ ತಗೋ ಎಂದೆ. ನೇಪಲ್ಸ್‌ನಲ್ಲಿ ಬೆಳಗ್ಗೆಯೇ ಲೋಕಲ್ ರೈಲು ಹತ್ತು, ಜೇಬು ಹುಷಾರು, ಮೂರು ಗಂಟೆಗೆಲ್ಲ ಹಡಗಿಗೆ ವಾಪಸ್ ಎಂದೆ. ಯಾವ ಟೂರಿದ್ದರೂ ಎಷ್ಟು ಹೊತ್ತಿಗೆ ಸೇರಬೇಕು, ಊರು ಎಷ್ಟಕ್ಕೆ ತಲುಪುತ್ತದೆ, ಎಷ್ಟಕ್ಕೆ ಬಿಡುತ್ತದೆ ಬರೆದುಕೊಂಡು ಕಳೆದು ನೋಡು ಎಂದೆ.

ಅವಳಿಗೆ ರೋಮ್ ಬರುವುದು ಬುಧವಾರ. ಪೋಪ್ ರೋಮಿನಲ್ಲಿದ್ದರೆ ಬುಧವಾರ ಬೆಳಗ್ಗೆ ಚೌಕದಲ್ಲಿ ಜನರಿಗೆ ದರ್ಶನ ಕೊಡುತ್ತಾರೆ, ಆ ಹೊತ್ತಿನಲ್ಲಿ ಚರ್ಚಿನ ಒಳಗೆ ಬಿಡುವುದಿಲ್ಲ. ಮ್ಯೂಸಿಯಂ ಮೊದಲು, ಚರ್ಚು ಮಧ್ಯಾಹ್ನ. ಮ್ಯೂಸಿಯಂ ಟಿಕೆಟ್ಟನ್ನು ಅವರ ಸ್ವಂತ ವೆಬ್‌ಸೈಟಿನಲ್ಲೇ ತಗೋ, ಅದು ಕೈಗೆ ಬಂದ ಮೇಲೆ ರೈಲೋ ಬಸ್ಸೋ ನೋಡು ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಪೇಪರ್ ಇಳಿಸಲಿಲ್ಲ. ಅದರ ಹಿಂದಿನಿಂದಲೇ ಕೇಳಿದರು:

"ಬುಧವಾರ ತೆಗೆದಿರುತ್ತಾ?"