ಅರ್ಧ ಬಾನೆಟ್ ಹೀಗೆ, ಅರ್ಧ ಬಾನೆಟ್ ಹಾಗೆ: ಕಾರು ಡೀಟೇಲಿಂಗ್‌ನ ಸಣ್ಣ ಕೆಲಸಗಳ ಹೋಲಿಕೆ

ಒಂದೇ ಕಾರು, ಒಂದೇ ಶಾಂಪೂ, ಒಂದೇ ವ್ಯಾಕ್ಸ್. ಬಾನೆಟ್ ನಟ್ಟನಡುವೆ ಮಾಸ್ಕಿಂಗ್ ಟೇಪ್ ಎಳೆದು ಒಂದು ಕಡೆ ಎಲ್ಲರೂ ಮಾಡುವ ಕೆಲಸ ಮಾಡಿದೆವು, ಇನ್ನೊಂದು ಕಡೆ ಅದರ ಜೊತೆಗೊಂದು ಸಣ್ಣ ಕೆಲಸ ಸೇರಿಸಿದೆವು. ಹೀಗೆ ಪಕ್ಕಪಕ್ಕ ಇಟ್ಟಾಗ ಯಾವುದಕ್ಕೆ ಕೊಟ್ಟ ಹೊತ್ತು ಸಾರ್ಥಕ ಎಂಬುದು ಕಣ್ಣಿಗೇ ಕಾಣುತ್ತದೆ. ನೀವೂ ಮಾಡುವುದಾದರೆ ಕಪ್ಪು ಅಥವಾ ಕಡುನೀಲಿ ಕಾರಿನ ಮೇಲೆ ಮಾಡಿ. ಬಿಳಿ, ಸಿಲ್ವರ್ ಬಣ್ಣಗಳಲ್ಲಿ ತಪ್ಪು ಬೇಗ ಕಾಣುವುದಿಲ್ಲ.

ಒಂದು ಬಕೆಟ್, ಎರಡು ಬಕೆಟ್

ಕೆಮ್ಮಣ್ಣಿನ ಊರಿನಲ್ಲಿ ಓಡಿದ ಕಾರಿನ ಮೇಲೆ ಇರುವುದು ಬರೀ ಧೂಳಲ್ಲ, ನುಣ್ಣಗಿನ ಮರಳು. ಒಂದೇ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿದರೆ ಆ ಮರಳನ್ನೇ ಮತ್ತೆ ಬಣ್ಣದ ಮೇಲೆ ಉಜ್ಜಿದ ಹಾಗೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಅಷ್ಟೇ. ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ಗೀರುಗಳು ಹುಟ್ಟುವುದು ಇಲ್ಲೇ. ಒಂದು ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ ಬಾಟಲಿಯ ಮೇಲೆ ಹೇಳಿದಷ್ಟು ಶಾಂಪೂ, ಇನ್ನೊಂದರಲ್ಲಿ ಬರೀ ನೀರು ಇಡಿ. ಪ್ರತಿ ಪ್ಯಾನೆಲ್ ಆದಮೇಲೆ ಮಿಟ್ಟನ್ನು (ಕೈಗೆ ಹಾಕಿಕೊಳ್ಳುವ ತೊಳೆಯುವ ಬಟ್ಟೆ) ಮೊದಲು ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಶಾಂಪೂಗೆ ಅದ್ದಿ. ಕೊನೆಯಲ್ಲಿ ಬರೀ ನೀರಿನ ಬಕೆಟ್ಟಿನ ತಳ ನೋಡಿದರೆ ಬೇರೆ ಪುರಾವೆ ಬೇಡ. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ನೀರು. ಬ್ರೇಕಿನ ಕಬ್ಬಿಣದ ಪುಡಿ ಬಾಗಿಲಿನವರೆಗೆ ಬರಬಾರದು.

ಕೊನೆಯ ಮೂರು ಲೀಟರ್

ಬೋರ್‌ವೆಲ್ ನೀರಿನ ಊರುಗಳಲ್ಲಿ ನಾವು ನೋಡಿದ ಅತಿ ದೊಡ್ಡ ವ್ಯತ್ಯಾಸ ಇದು. ಗಡಸು ನೀರು ಆವಿಯಾದರೂ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಣ್ಣದ ಮೇಲೆಯೇ ಉಳಿಯುತ್ತವೆ. ತೊಳೆದು ಹಾಗೇ ಬಿಟ್ಟ ಭಾಗದಲ್ಲಿ ಬಿಳಿ ಉಂಗುರಗಳು ಬಂದವು. ರಬ್ಬರ್ ಪಟ್ಟಿಯಿಂದ ಎಳೆದ ಭಾಗ ಬೇಗ ಒಣಗಿತು, ಆದರೆ ಪಟ್ಟಿಯಡಿ ಒಂದು ಕಾಳು ಮರಳು ಸಿಕ್ಕಿದರೂ ಉದ್ದ ಗೀರು ಖಚಿತ. ಮೂರನೆಯ ಭಾಗಕ್ಕೆ ಬೋರ್‌ವೆಲ್ ನೀರಿನಲ್ಲಿ ತೊಳೆದು, ಪಂಪ್ ಸ್ಪ್ರೇಯರ್‌ನಲ್ಲಿ ಆರ್‌ಓ ಫಿಲ್ಟರಿನ ಕುಡಿಯುವ ನೀರು ಹಾಕಿ, ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಮೆಲ್ಲನೆ ಎಳೆದೆವು. ಇಡೀ ಕಾರಿಗೆ ಮೂರು ಲೀಟರ್ ಸಾಕು. ಕಲೆ ಇಲ್ಲವೇ ಇಲ್ಲ ಎನ್ನಬಹುದು.

ಒಂದು ಮಾತು: ಆರ್‌ಓ ಯಂತ್ರ ಹೊರಗೆ ಬಿಡುವ ನೀರಿನಿಂದ ಕಾರು ತೊಳೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚು. ಅದನ್ನು ನೆಲ ಒರೆಸಲು ಬಳಸಿ, ಬಾನೆಟ್ಟಿಗೆ ಬೇಡ.

ಈಗಾಗಲೇ ಕೂತ ಕಲೆಗೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಬಟ್ಟೆಗೆ ಹಾಕಿ, ತಣ್ಣಗಿನ ಪ್ಯಾನೆಲ್ ಮೇಲೆ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ಹೊಸ ಕಲೆ ಹೋಗುತ್ತದೆ. ಉಂಗುರ ಇನ್ನೂ ಕಂಡರೆ ಅದು ಕ್ಲಿಯರ್‌ಕೋಟ್ ಒಳಗೆ ಕೊರೆದಿದೆ, ಪಾಲಿಶ್ ಒಂದೇ ದಾರಿ. ಬಾತ್‌ರೂಮ್ ಆಸಿಡ್ ಮುಟ್ಟಲೇಬೇಡಿ, ಕ್ರೋಮ್ ಮತ್ತು ಅಲಾಯ್ ವೀಲ್ ಎರಡೂ ಹಾಳಾಗುತ್ತವೆ.

ಕ್ಲೇ ಬಾರ್, ಕ್ಲೇ ಮಿಟ್

ತೊಳೆದ ಕಾರಿನ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬೆರಳಾಡಿಸಿ. ಬರಿಗೈಗೆ ನುಣುಪಾಗಿದ್ದ ಜಾಗ ಈಗ ಮರಳುಕಾಗದದಂತೆ ತರತರಿ ಎನ್ನುತ್ತದೆ. ಹೊಂಗೆ ಮರದ ಅಂಟು, ರಸ್ತೆಯ ಟಾರು, ಬ್ರೇಕಿನ ಪುಡಿ, ಎಲ್ಲ ಅಲ್ಲಿ ಕಚ್ಚಿ ಕೂತಿರುತ್ತವೆ. ವ್ಯಾಕ್ಸ್ ಅದರ ಮೇಲೆ ಹಚ್ಚಿದರೆ ಕೊಳೆಗೆ ಹೊಳಪು ಕೊಟ್ಟಂತೆ.

ಅದನ್ನು ಕೀಳುವುದಕ್ಕೇ ಕ್ಲೇ. ಬಾರ್ ಎಂದರೆ ಜೇಡಿಮಣ್ಣಿನಂಥ ಮೆತ್ತನೆಯ ಗಟ್ಟಿ, ಮಿಟ್ ಎಂದರೆ ಅಂಥದೇ ಕೆಲಸ ಮಾಡುವ ಪದರವಿರುವ ಕೈಚೀಲ. ಮಿಟ್ ಬಳಸಿದರೆ ಸಣ್ಣ ಕಾರು ಸುಮಾರು 20 ನಿಮಿಷದಲ್ಲಿ ಮುಗಿಯುತ್ತದೆ. ಬಾರ್‌ಗೆ ಮುಕ್ಕಾಲು ಗಂಟೆಯಾದರೂ ಬೇಕು. ಮಿಟ್ ಕೆಳಗೆ ಬಿದ್ದರೆ ತೊಳೆದುಕೊಂಡು ಮುಂದುವರಿಯಬಹುದು, ಬಾರ್ ಬಿದ್ದರೆ ಆ ತುಂಡನ್ನು ಎಸೆಯಬೇಕು. ಅದಕ್ಕೇ ಬಾರನ್ನು ಮೂರು ತುಂಡು ಮಾಡಿಟ್ಟುಕೊಳ್ಳುವುದು. ಆದರೂ ಕಡುಬಣ್ಣದ ಕಾರಿಗೆ ನಮ್ಮ ಆಯ್ಕೆ ಮೃದು ಬಾರ್. ಅದನ್ನು ಮಡಚಿ ನಾದಿ ಪ್ರತಿ ಸಲ ಹೊಸ ಮುಖ ತೆಗೆಯಬಹುದು. ಮಿಟ್ ಬಿಟ್ಟ ಮಬ್ಬು ಗೆರೆಗಳು ಕಪ್ಪು ಬಾನೆಟ್ಟಿನಲ್ಲಿ ಎದ್ದು ಕಂಡವು. ಮುಂದೆ ಪಾಲಿಶ್ ಮಾಡುವುದಿದ್ದರೆ ಮಿಟ್ ಆದೀತು. ಎರಡಕ್ಕೂ ಶಾಂಪೂ ನೀರು ಧಾರಾಳವಾಗಿರಲಿ. ಕೈಗೆ ಎಳೆತ ಸಿಕ್ಕಿತೆಂದರೆ ನೀರು ಸಾಲದು ಎಂದೇ ಅರ್ಥ.

ಕ್ಲೇಗೆ ಮುಂಚೆ ಐರನ್ ರಿಮೂವರ್ (ಕಬ್ಬಿಣದ ಕಣ ಕರಗಿಸುವ ದ್ರವ) ಹೊಡೆದ ಅರ್ಧದಲ್ಲಿ ಕೆಲಸ ಬಹಳ ಹಗುರವಾಯಿತು. ಕಬ್ಬಿಣದ ಕಣ ಇದ್ದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಆದ್ದರಿಂದ ಬಯಲಲ್ಲಿ, ಗ್ಲೌಸ್ ಹಾಕಿ ಮಾಡಿ. ನೆರಳಿನಲ್ಲಿ 3ರಿಂದ 5 ನಿಮಿಷ ಬಿಟ್ಟು, ಒಣಗುವ ಮುನ್ನ ತೊಳೆಯಬೇಕು.

ವ್ಯಾಕ್ಸಿಗೆ ಮುಂಚಿನ ಒರೆಸು

ಪಾಲಿಶ್‌ನ ಎಣ್ಣೆಯಂಶ ಸಣ್ಣ ಗೀರುಗಳಲ್ಲಿ ತುಂಬಿಕೊಂಡು ಎಲ್ಲ ಸರಿಹೋಯಿತು ಎಂಬ ಭ್ರಮೆ ಹುಟ್ಟಿಸುತ್ತದೆ. 150 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲಿಗೆ 850 ಮಿ.ಲೀ. ನೀರು ಬೆರೆಸಿ ಒರೆಸಿದಾಗ ನಿಜ ಬಯಲಾಯಿತು: ಗೀರುಗಳು ಅಲ್ಲೇ ಇದ್ದವು. ಒರೆಸಿದ ಕಡೆ ವ್ಯಾಕ್ಸ್ ಬಣ್ಣಕ್ಕೇ ನೇರವಾಗಿ ಹಿಡಿಯುತ್ತದೆ. ಪಾಲಿಶ್ ಮಾಡುವಾಗ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಟೇಪ್ ಹಾಕಲು ಹತ್ತು ನಿಮಿಷ ಸಾಕು. ಹಾಕದಿದ್ದರೆ ಅಲ್ಲಿ ಕೂತ ಬಿಳಿ ಪುಡಿಯನ್ನು ಬ್ರಶ್ಶಿನಿಂದ ತೆಗೆಯಲು ಅದರ ಎರಡರಷ್ಟು ಹೊತ್ತು ಹೋಗುತ್ತದೆ.

ಗಾಜು

ಹಳೇ ಪೇಪರ್ ಕೆಲಸ ಮಾಡುತ್ತದೆ, ಆದರೆ ಮಸಿ ಬಾಗಿಲಿನ ರಬ್ಬರಿಗೆ ಹತ್ತುತ್ತದೆ. ನೂಲು ಬಿಡದ ಮೈಕ್ರೋಫೈಬರ್ ಮೇಲು. ಒಳಗಡೆ ಅಡ್ಡಡ್ಡ, ಹೊರಗಡೆ ಉದ್ದುದ್ದ ಒರೆಸಿ. ಗೆರೆ ಉಳಿದರೆ ಯಾವ ಬದಿಯದೆಂದು ತಕ್ಷಣ ತಿಳಿಯುತ್ತದೆ. ಕಿಟಕಿಯನ್ನು ಎರಡು ಇಂಚು ಇಳಿಸಿ ಮೇಲಂಚು ಒರೆಸಿ. ಎಣ್ಣೆಕೊಳೆ ಗಟ್ಟಿಯಾಗಿ ನಿಲ್ಲುವುದು ಅಲ್ಲೇ. ಡ್ಯಾಶ್‌ಬೋರ್ಡಿಗೆ ಫಳಫಳ ಹೊಳೆಯುವ ಡ್ರೆಸ್ಸಿಂಗ್ ಬೇಡ, ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಕೂತು ಮಧ್ಯಾಹ್ನ ರಸ್ತೆ ಕಾಣದಂತೆ ಮಾಡುತ್ತದೆ. ಮೈಕ್ರೋಫೈಬರ್ ಬಟ್ಟೆಗಳನ್ನು ಒಗೆಯುವಾಗ ಸಾಫ್ಟ್‌ನರ್ ಹಾಕಬೇಡಿ. ಎಳೆಗಳಿಗೆ ಮೇಣದಂತೆ ಮೆತ್ತಿ ನೀರು ಹೀರುವುದನ್ನೇ ನಿಲ್ಲಿಸುತ್ತವೆ.

ಯಾರೂ ನೋಡದ ಜಾಗ

ವೈಪರ್ ಬುಡದ ಜಾಲರಿಯಡಿ ಎಲೆ ತೆಗೆಯುವುದಕ್ಕೂ ತೆಗೆಯದಿರುವುದಕ್ಕೂ ವ್ಯತ್ಯಾಸ ಕಾಣುವುದು ಮಳೆಗಾಲದಲ್ಲಿ. ಗುಲ್‌ಮೊಹರ್ ಮರದ ಪುಟ್ಟ ಎಲೆಗಳು ಜಾಲರಿ ದಾಟಿ ಇಳಿದು ನೀರು ಹೋಗುವ ತೂತು ಕಟ್ಟುತ್ತವೆ, ನೀರು ಒಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ಬಾಗಿಲಿನ ಕೆಳಂಚಿನ ತೂತುಗಳೂ ಹೀಗೇ. ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ತೆಗೆಯಿರಿ, ಕಂಬಿ ಬೇಡ, ಬಣ್ಣ ಕಿತ್ತು ತುಕ್ಕು ಹಿಡಿಯುತ್ತದೆ. ಆಮೇಲೆ ಜಾಲರಿಯ ಎರಡೂ ತುದಿಗೆ ಒಂದೊಂದು ಮಗ್ ನೀರು ಸುರಿಯಿರಿ. ಸ್ವಲ್ಪ ಹೊತ್ತಿನಲ್ಲೇ ಮುಂದಿನ ಚಕ್ರದ ಹಿಂದೆ ನೆಲಕ್ಕೆ ನೀರು ಬಿತ್ತೆಂದರೆ ದಾರಿ ತೆರೆದಿದೆ.